ಮರಗಸಿ ತಪ್ಪಿಸಿಕೊಂಡ ಮರ

ಮಲ್ಲಂದೂರಿನ ನಮ್ಮ ತೋಟದಲ್ಲಿ, ಕಾಫಿ ಒಣಗಿಸುವ ಕಣದ ಅಂಚಿಗೆ ಒಂದು ಸಿಲ್ವರ್ ಓಕ್ ಮರವಿದೆ. ಕೆಲವು ವರ್ಷಗಳಿಂದ ಅದಕ್ಕೆ ಯಾರೂ ಕತ್ತಿ ಮುಟ್ಟಿಸಿಲ್ಲ. ಮಳೆಗಾಲ ಹಿಡಿಯುವ ಮೊದಲು ಮರಗಸಿ ಮಾಡುವುದು, ಅಂದರೆ ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳು ಮರಗಳ ಕೊಂಬೆ ಕಡಿಯುವುದು, ನಮ್ಮ ಕಡೆ ಊಟವಾದ ಮೇಲೆ ಕೈ ತೊಳೆದಷ್ಟು ಸಹಜ. ಸುತ್ತಲಿನ ಸಿಲ್ವರ್ ಓಕ್‌ಗಳೆಲ್ಲ ತುದಿಯಲ್ಲೊಂದು ಜುಟ್ಟು ಉಳಿಸಿಕೊಂಡು ನೆಟ್ಟಗೆ ನಿಂತಿದ್ದರೆ, ಇದೊಂದು ತಲೆ ಬಾಚದೆ ಮದುವೆಗೆ ಬಂದವರ ಹಾಗೆ ಕಾಣುತ್ತದೆ. "ಇದ್ರ ಮೇಲಿನ ಮೆಣಸಿನ ಬಳ್ಳಿ ದಂಡ ಆಯ್ತಲ್ಲಮ್ಮ" ಎಂದು ಮೇಸ್ತ್ರಿ ಪ್ರತಿ ವರ್ಷ ನನ್ನ ಹತ್ತಿರ ಗೊಣಗುತ್ತಾರೆ. ನನ್ನ ಗಂಡನ ಹತ್ತಿರ ಹೇಳುವ ಧೈರ್ಯ ಅವರಿಗಿಲ್ಲ.

ಆ ಮರ ಉಳಿದ ಕಥೆ ಶುರುವಾಗುವುದು ಆಸ್ಟ್ರೇಲಿಯಾದಲ್ಲಿ. ನನ್ನ ತಂಗಿಯ ಮನೆ ಇರುವುದು ಬ್ರಿಸ್ಬೇನ್ ಹತ್ತಿರ. ಅವಳ ಗಂಡ ಇದ್ದಕ್ಕಿದ್ದಂತೆ ತೀರಿಕೊಂಡಾಗ ನಮಗೆ ಹೋಗಲು ಆಗಲಿಲ್ಲ. ಮರುವರ್ಷ ಅವಳೇ ಫೋನ್ ಮಾಡಿದಳು. "ಅಕ್ಕ, ಹೂ ಬಿಡೋ ಹೊತ್ತಿಗೆ ಇಬ್ರೂ ಬನ್ನಿ. ಒಂದು ಫೋಟೋ ತೆಗೀಬೇಕು. ಅದನ್ನ ನೀನೇ ತೆಗೀಬೇಕು" ಅಂದಳು. ಗಿಡಗಳ ಹುಚ್ಚಿನವಳು, ಯಾವುದೋ ಗುಲಾಬಿಯ ಮಾತಿರಬೇಕು ಅಂದುಕೊಂಡೆ. ಕೊಯ್ಲಿಗೆ ಮುಂಚೆ ವಾಪಸ್ ಬರಲೇಬೇಕು ಎಂಬ ಕರಾರಿನ ಮೇಲೆ ನನ್ನ ಗಂಡ ವಿಮಾನ ಹತ್ತಿದರು.

ಅಲ್ಲಿ ಇವರ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಎದ್ದರೆ ಬೈಯಲು ತೋಟದ ಲೆಕ್ಕ ಬರೆಯುವ ರೈಟರ್ ಇಲ್ಲ, ಸುತ್ತು ಹಾಕಲು ತೋಟ ಇಲ್ಲ. ಬೀದಿಯಲ್ಲಿ ಒಂದು ನಾಯಿ ಕೂಡ ಒಂಟಿಯಾಗಿ ಓಡಾಡುವುದಿಲ್ಲ. ಕಸದ ಡಬ್ಬಿಗಳನ್ನು ರಸ್ತೆ ಬದಿಗೆ ತಳ್ಳುವ ಕೆಲಸವನ್ನು ತಾವೇ ವಹಿಸಿಕೊಂಡರು. ಅಂಗಡಿಯಲ್ಲಿ ಗಿಡಕ್ಕೆ ಹಾಕುವ ಮಣ್ಣನ್ನು ಚೀಲದಲ್ಲಿ ಕಟ್ಟಿ ಮಾರುವುದನ್ನು ಕಂಡು, "ಮಣ್ಣಿಗೂ ದುಡ್ಡಾ ಮಾರಾಯ್ತಿ?" ಎಂದು ತಂಗಿಯನ್ನು ಕೇಳಿದರು. ಅವಳ ಹಿತ್ತಲಿನಲ್ಲಿ ಒಂದು ಸಿಲ್ವರ್ ಓಕ್ ಇತ್ತು. ಅದನ್ನು ನೋಡಿ ಮಾತ್ರ ನೆಂಟರು ಸಿಕ್ಕಷ್ಟು ಖುಷಿಯಾದರು. ಅದು ಅಲ್ಲಿಯದೇ ಮರ, ನಮ್ಮ ತೋಟಗಳಿಗೆ ಬಂದಿದ್ದೇ ಆ ದೇಶದಿಂದ ಎಂದು ತಂಗಿ ಎಷ್ಟು ಹೇಳಿದರೂ ನಂಬಲಿಲ್ಲ. ಇವರ ಲೆಕ್ಕದಲ್ಲಿ ಸಿಲ್ವರ್ ಓಕ್ ಹುಟ್ಟಿದ್ದು ಮೂಡಿಗೆರೆಯಲ್ಲಿ.

ತಂಗಿ ಮತ್ತು ಅವಳ ಗಂಡ ಇಬ್ಬರೂ ಕ್ಯಾಮೆರಾ ಹಿಡಿದು ತಿರುಗಿದವರು. ರಜೆ ಸಿಕ್ಕಿದರೆ ಕಾರಿಗೆ ಟೆಂಟು ತುಂಬಿಕೊಂಡು ಹೊರಟುಬಿಡುತ್ತಿದ್ದರು. ಕೆಂಪು ಮಣ್ಣಿನ ಬಯಲು, ಮನುಷ್ಯರೇ ಇಲ್ಲದ ಕಡಲ ದಂಡೆ, ಪೆಟ್ರೋಲ್ ಬಂಕಿನ ಮುಂದೆ ಮಲಗಿದ ಕುದುರೆ, ಎಲ್ಲ ಗೋಡೆಯ ಮೇಲಿದ್ದವು. ಅವನು ಹೋದ ಮೇಲೆ ಅವಳು ಕ್ಯಾಮೆರಾ ಮುಟ್ಟಿರಲಿಲ್ಲ. ನನಗೆ ಕಲಿಸುವ ನೆಪದಲ್ಲಿ ಹೊರಗೆ ತೆಗೆದಳು. ದಿನಾ ಸಮುದ್ರದ ಕಡೆ ಕರೆದುಕೊಂಡು ಹೋಗಿ, "ಉಸಿರು ಬಿಗಿ ಹಿಡಿ ಅಕ್ಕ, ಆಮೇಲೆ ಒತ್ತು" ಅನ್ನುತ್ತಿದ್ದಳು. ನಾನು ತೆಗೆದ ಹಕ್ಕಿಗಳಿಗೆ ಒಂದೋ ತಲೆ ಇರುತ್ತಿರಲಿಲ್ಲ, ಇಲ್ಲವೇ ಕಾಲು. ಅವುಗಳನ್ನು ನೋಡಿ ಅವಳು ನಗುತ್ತಿದ್ದಳು. ಅವಳನ್ನು ನಗಿಸಲು ಎಷ್ಟು ಹಕ್ಕಿಗಳ ತಲೆ ಬೇಕಾದರೂ ಹಾರಿಸಲು ನಾನು ತಯಾರಿದ್ದೆ.

ಹಾಗೆ ಒಂದು ದಿನ ನಾವು ಮನೆಗೆ ಬಂದಾಗ ಹಿತ್ತಲೆಲ್ಲ ಬೆಳ್ಳಗೆ ಬೆಳಕಾಗಿತ್ತು. ನನ್ನ ಗಂಡ ಪಕ್ಕದ ಮನೆಯವರಿಂದ ಏಣಿ, ಗರಗಸ ತಂದು ಸಿಲ್ವರ್ ಓಕ್‌ಗೆ ಮರಗಸಿ ಮಾಡಿ ಮುಗಿಸಿದ್ದರು. ಊರಿನಲ್ಲಿ ಇವರು ಮರ ಹತ್ತಿದ್ದನ್ನು ನಾನು ಕಂಡಿಲ್ಲ. ಕೆಳಗೆ ನಿಂತು ಕೊಡೆಯ ತುದಿಯಿಂದ ಆ ಕೊಂಬೆ ಈ ಕೊಂಬೆ ಎಂದು ತೋರಿಸುವುದಷ್ಟೇ ಇವರ ಕೆಲಸ. ಅಲ್ಲಿ ತಾವೇ ಹತ್ತಿದ್ದರು. ಅಂಗಿಯೆಲ್ಲ ಬೆವರು, ಮುಖದ ತುಂಬ ಸಂತೋಷ. "ಇನ್ನು ನಿನ್ನ ಬೀನ್ಸಿಗೆ ಬಿಸಿಲು ಬೀಳುತ್ತೆ ನೋಡು" ಎಂದು ತಂಗಿಗೆ ಹೇಳಿದರು.

ತಂಗಿ ಕೆಳಗೆ ಬಿದ್ದ ಕೊಂಬೆಗಳ ನಡುವೆ ಕುಕ್ಕರುಗಾಲಲ್ಲಿ ಕೂತಳು. ಒಂದು ರೆಂಬೆ ಎತ್ತಿ ನನಗೆ ತೋರಿಸಿದಳು. ಎಲೆಯ ಸಂದಿಯಲ್ಲಿ ಹಸಿರು ಮೊಗ್ಗಿನ ಸಾಲುಗಳಿದ್ದವು. "ಇದೇ ಅಕ್ಕ ಹೂವು" ಅಂದಳು.

ಸಿಲ್ವರ್ ಓಕ್ ಹೂ ಬಿಡುತ್ತದೆ ಎನ್ನುವುದೇ ನಮ್ಮಿಬ್ಬರ ತಲೆಗೆ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಆ ಮರದ ಕೆಳಗೇ ಓಡಾಡಿದವರು ನಾವು. ವರ್ಷಾ ವರ್ಷಾ ಕಡಿಯುವ ಮರ, ಹೂ ಬಿಡಲು ನಾವು ಬಿಟ್ಟಿದ್ದರಲ್ಲವೇ?

ಅಡುಗೆಮನೆಯಲ್ಲಿ ಕೂರಿಸಿ ತಂಗಿ ಹಳೆಯ ಫೋಟೋಗಳನ್ನು ತೋರಿಸಿದಳು. ಅವಳಿಗೆ ಊರಿನ ನೆನಪು ಕಾಡುತ್ತಿದ್ದಾಗ ಅವಳ ಗಂಡ ಆ ಸಸಿ ತಂದು ನೆಟ್ಟಿದ್ದನಂತೆ. ಅದು ಹೂ ಬಿಡಲು ಶುರುವಾದ ಮೇಲೆ ಪ್ರತಿ ವರ್ಷ ಅದರ ಕೆಳಗೆ ಎರಡು ಕುರ್ಚಿ ಹಾಕಿ ಫೋಟೋ ತೆಗೆಸಿಕೊಳ್ಳುವುದು ಅವರ ಪದ್ಧತಿ. ತೆಗೆಯುವವರು ಯಾರೂ ಇಲ್ಲದ್ದರಿಂದ ಅವನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಟೈಮರ್ ಇಟ್ಟು, ಓಡಿಬಂದು ಕೂರುತ್ತಿದ್ದ. ಹಾಗಾಗಿ ಎಲ್ಲ ಫೋಟೋದಲ್ಲೂ ಅವನು ಸ್ವಲ್ಪ ಮಸುಕು. ಅವಳು ಮಾತ್ರ ಒಂದರಲ್ಲೂ ಕ್ಯಾಮೆರಾ ನೋಡಿಲ್ಲ. ಓಡಿ ಬರುವವನ ಕಡೆ ತಿರುಗಿ ನಗುತ್ತಿದ್ದಾಳೆ. "ಈ ಸಲ ಒಬ್ಳೇ ಕೂರಕ್ಕೆ ಆಗುತ್ತಾ ನೋಡ್ಬೇಕಿತ್ತು" ಅಂದಳು.

ನನ್ನ ಗಂಡನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೊಗ್ಗಿದ್ದ ರೆಂಬೆಗಳನ್ನೆಲ್ಲ ಆರಿಸಿ, ಮನೆಯ ಬಕೆಟ್ಟುಗಳಲ್ಲಿ ನೀರು ತುಂಬಿ ನಿಲ್ಲಿಸಿ, ಅರಳುತ್ತವೇನೋ ಎಂದು ದಿನಾ ಬಗ್ಗಿ ನೋಡಿದರು. ಅವು ಅರಳಲಿಲ್ಲ. ತಂಗಿಯೇ ಕೊನೆಗೆ, "ಬಿಡಿ ಭಾವ, ಸ್ನಾನಕ್ಕೆ ಬಕೆಟ್ ಬೇಕು" ಎಂದು ಅವನ್ನು ಗೊಬ್ಬರಕ್ಕೆ ಹಾಕಿದಳು. ಫೋಟೋ ತೆಗೆಯದೆ ನಾವು ವಾಪಸ್ ಬಂದೆವು.

ಮುಂದಿನ ಮರಗಸಿಯಲ್ಲಿ ಆಳುಗಳು ಕಣದ ಹತ್ತಿರ ಬಂದಾಗ ಇವರು ಆ ಸಿಲ್ವರ್ ಓಕ್‌ಗೆ ಅಡ್ಡ ನಿಂತು, "ಇದೊಂದು ಬಿಡ್ರೋ" ಅಂದರು. ಬಣಕಲ್‌ನಿಂದ ಬಂದ ಇವರ ಸ್ನೇಹಿತರು, "ಏನ್ ಮಾರಾಯ, ಎಸ್ಟೇಟಾ, ಪಾರ್ಕಾ?" ಎಂದು ಕಾಲೆಳೆದರು. ಇವರು ನಕ್ಕು ಸುಮ್ಮನಾದರು. ನನ್ನ ಗಂಡ ತೋಟದ ವಿಷಯದಲ್ಲಿ ನಗೆಪಾಟಲಾಗಿ ಸುಮ್ಮನಿದ್ದದ್ದು ಅದೊಂದೇ ಸಲ. ಇವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಈ ಬೇಸಿಗೆಯಲ್ಲಿ, ಕಾಫಿ ಹೂ ಕಂದಿದ ಮೇಲೆ, ಆ ಮರ ಮೊದಲ ಸಲ ಮೊಗ್ಗು ಹಿಡಿಯಿತು. ಇವರು ಯಾರನ್ನೂ ಕೇಳದೆ ತಂಗಿಗೆ ಫೋನ್ ಮಾಡಿದರು. ಅವಳು ಬಂದು ತಲುಪುವಷ್ಟರಲ್ಲಿ ಹೂ ಅರಳಿತ್ತು. ಕೇಸರಿ ಬಣ್ಣ, ಹಲ್ಲುಜ್ಜುವ ಬ್ರಷ್ಷಿನ ಹಾಗೆ ಒಂದೇ ಪಕ್ಕಕ್ಕೆ ಎಳೆಗಳು, ಮರದ ತುಂಬ ಜೇನುಹುಳ. ಅವಳು ಬ್ಯಾಗು ಒಳಗಿಡದೆ ಕಣದಲ್ಲೇ ನಿಂತು ನೋಡಿದಳು. ಮೇಸ್ತ್ರಿಯೂ ಬಂದು ಬಾಯಿ ಬಿಟ್ಟು ನಿಂತರು.

ಮಾರನೆಯ ಬೆಳಿಗ್ಗೆ ಇವರು ಮರದ ಕೆಳಗೆ ಒಂದು ಕುರ್ಚಿ ತಂದು ಹಾಕಿದರು. ಎರಡು ಹಾಕಿದರೆ ಅವಳಿಗೆ ನೋವಾದೀತು ಎಂದು ನನ್ನ ಕಿವಿಯಲ್ಲಿ ಹೇಳಿದರು. ತಂಗಿ ನನ್ನ ಕೈಗೆ ಕ್ಯಾಮೆರಾ ಕೊಟ್ಟು ಕೂತಳು. ಆಮೇಲೆ, "ಭಾವ, ಇನ್ನೊಂದು ಕುರ್ಚಿ ತನ್ನಿ" ಅಂದಳು. ಇವರು ಓಡಿ ಹೋಗಿ ತಂದರು. ತಾವು ಕೂರಬೇಕೇನೋ ಎಂದು ಅಂಗಿ ಸರಿಮಾಡಿಕೊಂಡರು. ಅವಳು ಅದನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ಮೇಲೆ ಬಿದ್ದ ಹೂವನ್ನು ಕೈಯಿಂದ ಒರೆಸಿದಳು. ಇವರು ಅರ್ಥ ಮಾಡಿಕೊಂಡು ನನ್ನ ಹಿಂದೆ ಬಂದು ನಿಂತರು.

"ಅಕ್ಕ, ಮರ ಪೂರ್ತಿ ಬರದಿದ್ರೂ ಪರವಾಗಿಲ್ಲ. ಎರಡು ಕುರ್ಚೀನೂ ಬರಲಿ" ಅಂದಳು.

ನಾನು ಹಿಂದೆ ಹಿಂದೆ ಹೋಗಿ, ಎರಡೂ ಸಿಕ್ಕಿದ ಮೇಲೆ ಉಸಿರು ಬಿಗಿ ಹಿಡಿದು ಒತ್ತಿದೆ. ಅವಳು ಕ್ಯಾಮೆರಾ ನೋಡಲಿಲ್ಲ. ಪಕ್ಕಕ್ಕೆ ತಿರುಗಿ ನಗುತ್ತಿದ್ದಳು.