ಪಿಂಚಣಿ ಬರುವ ಅಕ್ಕ

ಮೊದಲ ಪಿಂಚಣಿ ಖಾತೆಗೆ ಬಿದ್ದ ದಿನ ನಮ್ಮ ಯಜಮಾನರು ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. "ಏನಮ್ಮಿ ಇದು, ಈ ತಿಂಗ್ಳು ಗೃಹಲಕ್ಷ್ಮಿ ದುಡ್ಡು ಎಲ್ಡು ಸತಿ ಬಂದದಾ?"

ಎರಡು ಸಾವಿರದ ಇನ್ನೂರ ಮೂವತ್ತು ರೂಪಾಯಿ. ಮನೆಯೊಡತಿ ಅನ್ನುವ ಒಂದೇ ಕಾರಣಕ್ಕೆ ಸರ್ಕಾರ ನನಗೆ ಕೊಡುವುದು ಎರಡು ಸಾವಿರ. ಪಾಂಡವಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕೂಗಿ ಕೂಗಿ ಗಂಟಲು ಹರಿದುಕೊಂಡದ್ದಕ್ಕೆ ಅದಕ್ಕಿಂತ ಇನ್ನೂರ ಮೂವತ್ತು ಹೆಚ್ಚು. ಮೊದಲ ಹತ್ತು ವರ್ಷ ಆಡಳಿತ ಮಂಡಳಿಯವರು ನಮ್ಮ ಹೆಸರಿನಲ್ಲಿ ಪಿ.ಎಫ್. ಕಟ್ಟಿಯೇ ಇರಲಿಲ್ಲ. ಕಟ್ಟಲು ಶುರುಮಾಡಿದ ಮೇಲೂ ಮೂಲವೇತನವನ್ನು ಎಷ್ಟು ಕಡಿಮೆ ತೋರಿಸಬಹುದೋ ಅಷ್ಟು ಕಡಿಮೆ ತೋರಿಸಿದರು. ಕೇಳಿದವರಿಗೆ ಮುಂದಿನ ವರ್ಷ ಪಾಠ ಇರುತ್ತಿರಲಿಲ್ಲ. ಹಾಗಾಗಿ ನಾವು ಕೇಳಲಿಲ್ಲ.

ನಾನು ನಮ್ಮೂರಿಗೇ ಮೊದಲ ಪದವೀಧರೆ. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾಗಮಂಗಲ ತಾಲ್ಲೂಕಿನ ಆ ಹಳ್ಳಿಯಿಂದ ಬಸ್ಸಿಗೆ ಬೆಳ್ಳೂರಿನವರೆಗೆ ನಡೆದು ಹೋಗಿ ಓದಿದವಳು. ಬಿ.ಎ., ಬಿ.ಎಡ್. ಎಂದು ಹೆಸರಿನ ಮುಂದೆ ಬರೆಯುವಾಗ ಇವತ್ತಿಗೂ ಅಕ್ಷರ ದುಂಡಗೆ ಬೀಳುತ್ತದೆ. ಆದರೆ ನಿವೃತ್ತಿಯ ಲೆಕ್ಕ ಹಾಕಲು ಆ ಓದು ಬೇಕಿರಲಿಲ್ಲ, ಮೂರನೇ ಕ್ಲಾಸಿನ ಕೂಡು-ಕಳೆ ಸಾಕಿತ್ತು. ಪಿ.ಎಫ್. ಮತ್ತು ಗ್ರಾಚ್ಯುಟಿಯಲ್ಲಿ ಮಗಳ ಮದುವೆಗೆ ತೆಗೆದು ಉಳಿದದ್ದು ಆರು ಲಕ್ಷ. ಅಂಚೆ ಕಚೇರಿಯಲ್ಲಿಟ್ಟರೆ ಮೂರು ತಿಂಗಳಿಗೊಮ್ಮೆ ಬಡ್ಡಿ. ಅದನ್ನು ತಿಂಗಳಿಗೆ ಹಂಚಿದರೆ ನಾಲ್ಕು ಸಾವಿರದ ನೂರು. ಪಿಂಚಣಿ, ಗೃಹಲಕ್ಷ್ಮಿ ಎಲ್ಲ ಸೇರಿ ಎಂಟು ಸಾವಿರದ ಚಿಲ್ಲರೆ. ಮನೆ ಬಾಡಿಗೆ ನಾಲ್ಕು ಸಾವಿರ. ಯಜಮಾನರ ಸಕ್ಕರೆ ಕಾಯಿಲೆಗೆ ಎರಡು. ಅವರು ಕಬ್ಬಿನ ಲಾರಿ ಓಡಿಸುತ್ತಿದ್ದವರು, ಮಂಡಿ ಕೈಕೊಟ್ಟ ಮೇಲೆ ಸಂಪಾದನೆಯಿಲ್ಲ. ಉಳಿದ ಎರಡು ಚಿಲ್ಲರೆಯಲ್ಲಿ ಗ್ಯಾಸು, ಕರೆಂಟು, ಹಾಲು, ಸೊಪ್ಪು. ಎಷ್ಟು ಹಿಂಡಿದರೂ ತಿಂಗಳಿಗೆ ಒಂದೂವರೆ ಸಾವಿರ ಕಡಿಮೆ ಬೀಳುತ್ತಿತ್ತು.

"ಇಲ್ಲಿಗೇ ಬಂದ್ಬುಡಿ" ಎಂದು ಕೆ.ಆರ್. ಪೇಟೆಯಿಂದ ಮಗಳು ಕರೆದಳು. ಅದು ಅವಳ ಅತ್ತೆಯ ಮನೆ. ಬೀಗಿತ್ತಿಯ ಮನೆಯಲ್ಲಿ ಊಟಕ್ಕೆ ಕರೆಯುವುದನ್ನು ಕಾಯುತ್ತ ಕೂರುವುದಕ್ಕೆ ನಾನು ಅಷ್ಟು ದೂರ ನಡೆದು ಓದಿರಲಿಲ್ಲ. ಆ ಒಂದೂವರೆ ಸಾವಿರ ಸಿಕ್ಕರೆ ನನ್ನ ಬಾಡಿಗೆ ಮನೆ ನನಗೆ. ಸಿಗದಿದ್ದರೆ ಬೀಗರ ಮನೆ.

ಈ ಲೆಕ್ಕ ತಲೆಯಲ್ಲಿ ತಿರುಗುತ್ತಿದ್ದಾಗಲೇ ತಮ್ಮ ಬಂದ. ಬೈಕಿನಲ್ಲಿ ಹತ್ತು ತೆಂಗಿನಕಾಯಿ, ಒಂದು ಚೀಲ ಅವರೆಕಾಯಿ.

"ಅಕ್ಕ, ಶುಕ್ರವಾರ ನಾಗಮಂಗಲಕ್ಕೆ ಬಂದು ಒಂದು ಸೈನ್ ಆಕ್ಬುಡು. ದೊಡ್ಡಕ್ಕ ಆಗ್ಲೇ ಒಪ್ಕಂಡವಳೆ."

"ಏನ್ ಸೈನ್ಲಾ?"

"ಪಾಲು ಬ್ಯಾಡ ಅಂತ ಕಣಕ್ಕ. ಅಪ್ಪನ ಎಸ್ರಲ್ಲೇ ಅದಲ್ಲ ಇನ್ನೂ ಎರಡೆಕ್ರೆ ತೆಂಗು, ಖಾತೆ ಮಾಡಿಸ್ಕಬೇಕು. ಅರಿಸ್ನ ಕುಂಕುಮಕ್ಕೆ ಅಂತ ಐವತ್ತು ಸಾವ್ರ, ಒಂದು ಸೀರೆ. ನಿಂಗೇನಕ್ಕ ಕಮ್ಮಿ, ಕುಂತ್ಕಂಡು ಪಿಂಚಣಿ ತಿಂತೀಯ."

ಮೂಲೆಯ ಕುರ್ಚಿಯಿಂದ ಯಜಮಾನರು ನಕ್ಕರು. "ಯೋಳಮ್ಮಿ, ಎಷ್ಟು ತಿಂತೀಯ ಅಂತ ಯೋಳು."

ಹೇಳಿದೆ. ತಮ್ಮ ನಂಬಲಿಲ್ಲ.

"ಸುಮ್ಕಿರಕ್ಕ. ನಮ್ಮೂರ ಮೇಷ್ಟ್ರು ರಿಟೇರಾಗಿ ತಿಂಗ್ಳಿಗೆ ನಲವತ್ತು ಸಾವ್ರ ಎಣಿಸ್ತಾವ್ರೆ."

"ಅವರದು ಸರ್ಕಾರಿ ಕಣ್ಲಾ. ನಂದು ಪ್ರೈವೇಟು."

"ಚಾಕ್‌ಪೀಸ್ ಇಡಿಯೋ ಕೈ ಅಲ್ವಾ ಎಲ್ಡೂವೆ?" ಅಂದ. ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ, "ಅಪ್ಪ ಎಮ್ಮೆ ಮಾರಿ ನಿನ್ ಪೀಸು ಕಟ್ಟಿದ್ರು. ಓದಿಸಿದ್ದೇ ನಿನ್ ಪಾಲು ಅನ್ಕೊ" ಅಂದ.

ಎಮ್ಮೆ ಮಾರಿದ್ದು ನಿಜ. ಆ ಎಮ್ಮೆಗೆ ಹುಲ್ಲು ಕೊಯ್ದವಳು ನಾನು. ನನ್ನ ಮೊದಲ ಸಂಬಳಗಳಲ್ಲಿ ಅವನ ಬೋರಿಗೆ ಮೋಟಾರು ಬಿತ್ತು. ಅದನ್ನು ಆಡಿ ತೋರಿಸಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಸೈನ್ ಹಾಕಿಯೇ ಹಾಕುತ್ತಾರೆ. ಕಾನೂನು ಗೊತ್ತಿಲ್ಲದೆ ಅಲ್ಲ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಗೊತ್ತಿರುವುದರಿಂದ.

ಶುಕ್ರವಾರ ಹೋದೆ. ನೋಂದಣಿ ಕಚೇರಿಯ ಹೊರಗೆ ದೊಡ್ಡಕ್ಕ ಹೊಸ ಸೀರೆಯನ್ನು ಆಗಲೇ ಉಟ್ಟು ನಿಂತಿದ್ದಳು. ಪತ್ರ ಬರೆಯುವವನು ಓದಿ ಹೇಳಿ, ವಾಡಿಕೆಯಂತೆ ಕೇಳಿದ: "ಸ್ವಂತ ಇಷ್ಟದಿಂದ ತಾನೇನಮ್ಮಾ ಬುಟ್ಕೊಡ್ತಿರೋದು?"

"ಇಲ್ಲ" ಅಂದೆ.

ಅವನು ಪೆನ್ನು ಕೆಳಗಿಟ್ಟ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಯಾರೂ ಹಾಗೆ ಉತ್ತರ ಕೊಟ್ಟಿರಲಿಲ್ಲವೆಂದು ಕಾಣುತ್ತದೆ.

"ಜಮೀನು ನೀನೇ ಮಾಡ್ಕೊ, ಖಾತೆ ಜಂಟಿಯಾಗಿರಲಿ" ಎಂದು ತಮ್ಮನಿಗೆ ಹೇಳಿದೆ. "ನನ್ನ ಪಾಲಿನ ಮರಗಳ ಗುತ್ತಿಗೆ ಮಾತ್ರ ವರ್ಷಕ್ಕೊಂದು ಸಲ ಕೊಡು. ಹದಿನೆಂಟು ಸಾವಿರ. ಎಳನೀರಿಗೆ ಈಗಿರೋ ರೇಟಿಗೆ ಅದು ಜಾಸ್ತಿಯಲ್ಲ."

ತಮ್ಮ ಜೇಬಿನಿಂದ ಬೈಕಿನ ಕೀಲಿ ತೆಗೆದ. ದೊಡ್ಡಕ್ಕನೇ ಸಿಡಿದಳು. "ಓದಿದ್ದು ಜಾಸ್ತಿ ಆಯ್ತು ಕಣೆ ನಿಂಗೆ. ಸತ್ರೆ ತವರಿನ ಸೀರೆ ಬ್ಯಾಡ್ವೇನೆ ನಿನ್ನ ಮ್ಯಾಲೆ?"

"ಸತ್ತಾಗಿನ ಸೀರೆ ಆಮೇಲೆ ನೋಡನ. ಬದುಕಿರೋವಾಗಿನ ಬಾಡಿಗೆ ಯಾರು ಕಟ್ತಾರೆ?"

ಸುತ್ತ ನಿಂತಿದ್ದವರಲ್ಲಿ ಯಾರೋ ನಕ್ಕರು. ತಮ್ಮ ಬೈಕು ಹತ್ತಿ ಹೋದ, ಹಿಂದೆ ದೊಡ್ಡಕ್ಕನನ್ನು ಕೂರಿಸಿಕೊಂಡು. ಅವಳ ಹೊಸ ಸೆರಗು ಚಕ್ರಕ್ಕೆ ಸಿಕ್ಕೀತೆಂದು ಕೂಗಿ ಹೇಳಿದೆ. ಇಬ್ಬರೂ ತಿರುಗಿ ನೋಡಲಿಲ್ಲ.

ನನ್ನ ಸಹಿಯಿಲ್ಲದೆ ಅವನೊಬ್ಬನ ಹೆಸರಿಗೆ ಖಾತೆಯಾಗುವಂತಿರಲಿಲ್ಲ. ತಿಂಗಳು ಕಳೆದ ಮೇಲೆ ಒಪ್ಪಿದ. ಒಪ್ಪಿದ್ದನ್ನು ಅವನು ಹೇಳಲಿಲ್ಲ, ಅವನ ಹೆಂಡತಿ ಫೋನು ಮಾಡಿ ಹೇಳಿದಳು. ಅತ್ತಿಗೆ ಎಂದು ಕರೆಯುತ್ತಿದ್ದವಳು ಆವತ್ತು ಟೀಚರಮ್ಮ ಅಂದಳು.

ನಾನು ಮದುವೆಯಾದಾಗಿನಿಂದ ಗೌರಿ ಹಬ್ಬಕ್ಕೆ ತಮ್ಮ ತಪ್ಪಿಸಿದವನಲ್ಲ. ಬಳೆಗೆಂದು ದುಡ್ಡು, ಒಂದು ಸೀರೆ, ತೆಂಗಿನಕಾಯಿ. ಮಳೆಯಿರಲಿ, ಕೆಲಸವಿರಲಿ, ಬಂದು ಕೊಟ್ಟು ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ. ಈ ವರ್ಷ ಹಬ್ಬದ ಹಿಂದಿನ ದಿನ ಬೈಕಿನ ಸದ್ದಾಯಿತು. ಕಾಫಿಗೆ ಹಾಲಿಟ್ಟೇ ಬಾಗಿಲಿಗೆ ಹೋದೆ. ಪಕ್ಕದ ಮನೆಯವಳ ಅಣ್ಣ.

ಒಳಗೆ ಬಂದರೆ ಯಜಮಾನರು ಮೊಬೈಲು ದೂರ ಹಿಡಿದು ಕೂತಿದ್ದರು. "ನಿನ್ ತಮ್ಮ ದುಡ್ಡು ಆಕವ್ನೆ ಕಣಮ್ಮಿ. ಅದಿನೆಂಟು ಸಾವ್ರ. ಪೂರ್ತಿ." ಈ ಸಲ ತಮಾಷೆ ಮಾಡಲಿಲ್ಲ.

ಹನ್ನೆರಡರಿಂದ ಭಾಗಿಸಿದೆ. ಸರಿಹೋಯಿತು. ಮನೆ ಉಳಿಯಿತು.

ಸಂಜೆ ಪೇಟೆಗೆ ಹೋಗಿ ಹಸಿರು ಬಳೆ ಇಡಿಸಿಕೊಂಡೆ. ಬಳೆಯಂಗಡಿಯ ಮುದುಕ ಎಲ್ಲ ಹೆಂಗಸರನ್ನೂ ಕೇಳುವಂತೆ ನನ್ನನ್ನೂ ಕೇಳಿದ. "ತವರಿನ ದುಡ್ಡು ತಾನೆ ಮೇಡಮ್ಮೋರೆ?"

"ಹೂಂ, ತವರಿನದೇ" ಅಂದೆ. ಸುಳ್ಳು ಹೇಳಿದಂತಾಗಲಿಲ್ಲ. ಐನೂರರ ನೋಟು ಕೊಟ್ಟು, ಉಳಿದದ್ದನ್ನು ಅವನೆದುರೇ ಎಣಿಸಿ ತೆಗೆದುಕೊಂಡೆ.