ಮಾವನ ಮಗ್ಗ

ನನ್ನ ತವರು ಮುನವಳ್ಳಿ. ನಾವೂ ನೇಕಾರರೇ, ಆದರೆ ಅಪ್ಪನ ಕಾಲಕ್ಕೆ ಮಗ್ಗ ಬಿಟ್ಟು ಒಕ್ಕಲುತನಕ್ಕೆ ಇಳಿದಿದ್ದೆವು. ಹಾಗಾಗಿ ಎಪ್ಪತ್ತರ ದಶಕದ ಮೊದಲಲ್ಲಿ ರಾಮದುರ್ಗಕ್ಕೆ ಸೊಸೆಯಾಗಿ ಬಂದಾಗ ನನಗೆ ನೂಲಿನ ಎಳೆ ಹಿಡಿಯಲೂ ಬರುತ್ತಿರಲಿಲ್ಲ. ಕೈಹಿಡಿದು ಕಲಿಸಿದವರು ಮಾವ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು.

ಮಾವ ಒಬ್ಬ ಸಾಹುಕಾರನ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು; ನಾನು ಬಂದ ಮರುವರ್ಷ ಅವನು ತನ್ನ ಮಗ್ಗಗಳನ್ನು ಮಾರಿ ಊರು ಬಿಟ್ಟ. ಅಲ್ಲಿ ನೇಯುತ್ತಿದ್ದವರನ್ನೆಲ್ಲ ಮಾವ ಒಂದುಗೂಡಿಸಿದರು. ಹಳೆಯ ಅರಳೆ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ನೇಯುವವರು ಕಾಲಿಳಿಸಿ ಕೂರುವ ಕುಣಿ ತೋಡಿ, ತಮ್ಮದೇ ಮಗ್ಗ ಹೂಡಿದರು. ಯಾವ ಸೀರೆ ನೇಯಬೇಕು, ಯಾರಿಗೆ ಕೊಡಬೇಕು, ಎಲ್ಲವನ್ನೂ ಕೂತು ಕೈ ಎತ್ತಿಯೇ ತೀರ್ಮಾನಿಸುವುದು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಅಂದೇ ಸಭೆ. ಅಲ್ಲಿ ದುಡಿಯುವವರಿಗಷ್ಟೇ ಮತ. ಕೆಲಸ ಬಿಟ್ಟವರಿಗೆ ಇಲ್ಲ. ಇದು ಮಾವನೇ ಹಾಕಿದ ಕಟ್ಟಳೆ.

ಲಾಳಿಗೆ ಹಾಕುವ ನೂಲಿನ ಕಂಡಕಿ ಸುತ್ತಿಕೊಡುವ ಹೆಂಗಸರಿಗೆ ಮತ ಯಾಕೆ ಎಂದು ಕೆಲವರು ಕೇಳಿದ್ದರಂತೆ.

"ಕಂಡಕಿ ಸುತ್ತಾಕಿ ಕೈ ನಿಂತ್ರ ನಿಮ್ಮ ಲಾಳಿ ನಿಲ್ಲತೈತಿ. ಆಕಿ ಕೈ ಎತ್ತೂದು ಬ್ಯಾಡೇನು?" ಎಂದು ಮಾವ ಅವರ ಬಾಯಿ ಮುಚ್ಚಿಸಿದ್ದರು. ನಾನೂ ಅಲ್ಲಿ ಕಂಡಕಿ ಸುತ್ತುತ್ತಿದ್ದೆ. ತವರಿನಲ್ಲಿ ಯಾವುದಕ್ಕೂ ನನ್ನನ್ನು ಯಾರೂ ಕೇಳಿದವರಲ್ಲ. ಮೊದಲ ಸಲ ಕೈ ಎತ್ತಿದಾಗ ಬಳೆ ಸದ್ದಾಗಿ ನಾಚಿಕೊಂಡಿದ್ದೆ.

ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮಾವನ ಕಣ್ಣು ಮಂಜಾಗತೊಡಗಿತು. ಬೆಳಗಾವಿಯ ಡಾಕ್ಟರು ನರವೇ ಒಣಗಿದೆ, ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದರು. ಮಾವ ಯಾರಿಗೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಆದರೆ ಗೋದಾಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ಊಟಕ್ಕೆ ಎದ್ದಾಗ ಯಾರಾದರೊಬ್ಬರು ಮೆಲ್ಲಗೆ ಹೋಗಿ ಅವರ ಮಗ್ಗದಲ್ಲಿ ಹರಿದ ಎಳೆ ಕಟ್ಟಿಬರುತ್ತಿದ್ದರು. ಹೀಗೆ ತಿಂಗಳುಗಟ್ಟಲೆ ನಡೆಯಿತು.

ಕೊನೆಗೆ ಸವದತ್ತಿಯ ಅಂಗಡಿಯಿಂದ ಸೀರೆಗಳು ವಾಪಸು ಬಂದವು. ದಡಿ ಸೊಟ್ಟಗಾಗಿತ್ತು, ಸೆರಗಿನಲ್ಲಿ ಎಳೆ ತಪ್ಪಿತ್ತು. ಎಲ್ಲವೂ ಮಾವನ ಮಗ್ಗದವು. ಇನ್ನೊಮ್ಮೆ ಹೀಗಾದರೆ ನಿಮ್ಮಲ್ಲಿ ಕೊಳ್ಳುವುದೇ ಇಲ್ಲ ಎಂದು ಅಂಗಡಿಯವನು ಹೇಳಿಕಳಿಸಿದ್ದ.

ಆ ಅಮಾವಾಸ್ಯೆಯ ಸಭೆಯಲ್ಲಿ ಮಾವನ ಹತ್ತಿರವೇ ಕೆಲಸ ಕಲಿತ ಹುಡುಗ, ಆಗ ಎರಡು ಮಕ್ಕಳ ತಂದೆ, ಎದ್ದು ನಿಂತ.

"ಕಾಕಾ, ತಪ್ಪ ತಿಳೀಬ್ಯಾಡ್ರಿ. ನೀವು ಮಗ್ಗ ಬಿಡ್ರಿ. ಹಿರ್ಯಾರಾಗಿ ಇಲ್ಲೇ ಕುಂತ್ಕೊಂಡು ನಮಗ ಬುದ್ಧಿ ಹೇಳ್ರಿ."

ಮಾವ ದನಿ ಬಂದತ್ತ ಮುಖ ತಿರುಗಿಸಿದರು. ಆಮೇಲೆ ತಾವೇ ಕೇಳಿದರು: "ನಾ ಮಗ್ಗ ಬಿಡಬೇಕನ್ನಾವ್ರು ಕೈ ಎತ್ತರಿ."

ಕೈಗಳು ಒಂದೊಂದಾಗಿ ಮೇಲೆದ್ದವು. ಅಲ್ಲೇ ನೇಯುತ್ತಿದ್ದ ನನ್ನ ಗಂಡ ಕೈ ಎತ್ತದೆ ತಲೆ ತಗ್ಗಿಸಿ ಕೂತಿದ್ದ. ನಾನು ಎತ್ತದಿದ್ದರೂ ನಡೆಯುತ್ತಿತ್ತು, ಅಷ್ಟು ಕೈಗಳಿದ್ದವು. ಆದರೂ ಎತ್ತಿದೆ.

"ಎಷ್ಟ ಆದುವು?" ಎಂದರು ಮಾವ.

"ಬಾಳ ಆದುವ್ರಿ ಕಾಕಾ."

"ಬಾಳ ಅಂದ್ರ ಎಷ್ಟು? ಎಣಿಸಿ ಹೇಳು."

ಅವನು ಎಣಿಸಿ ಹೇಳಿದ. ಹದಿನಾಲ್ಕು. ಮಾವ ತಲೆಯಾಡಿಸಿದರು. ಹಿರಿಯರಾಗಿ ಕೂರಲು ಒಪ್ಪಲಿಲ್ಲ. "ದುಡೀಲಾರದಾವಗ ಮತ ಇಲ್ಲಂತ ನಾನ ಹೇಳೇನಿ. ನನಗೊಂದು ಬ್ಯಾರೆ ಕಟ್ಟಳಿ ಬ್ಯಾಡ," ಎಂದು ಎದ್ದರು.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಸುವಾಗ ಕೇಳಿದರು. "ಯವ್ವಾ, ನನಗ ಯಾರ ಕೈನೂ ಕಾಣಲಿಲ್ಲ. ನೀ ಎತ್ತಿದೇನು?"

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಹೌದ್ರಿ ಮಾವಾರ, ಎತ್ತಿದ್ನಿ."

"ಚಲೋ ಮಾಡಿದಿ," ಎಂದರು. ಆದರೆ ಮುರಿದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಹಾಗೇ ಕೈ ತೊಳೆದುಕೊಂಡರು. ಗಂಡ ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ಆ ಮಗ್ಗವನ್ನು ನನಗೇ ಕೊಟ್ಟರು. ಅಷ್ಟರಲ್ಲಿ ನಾನು ನೇಯಲು ಕಲಿತಿದ್ದೆ. ಅಳುತ್ತಾ ಒಲ್ಲೆ ಎಂದೆ. ವಿಷಯ ತಿಳಿದು ಮಾವ, "ಮಂದಿ ಕೊಟ್ಟಾರ. ಒಲ್ಲೆ ಅನಬ್ಯಾಡ, ಕೂಡು," ಎಂದರು. ಕುಣಿಯಲ್ಲಿ ಕಾಲಿಳಿಸಿ ಕೂತರೆ ಅವರ ಪಾದ ಸವೆಸಿದ ಮಣ್ಣು ನುಣ್ಣಗೆ ತಗಲುತ್ತಿತ್ತು.

ಅವರು ಮತ್ತೆಂದೂ ಗೋದಾಮಿಗೆ ಬರಲಿಲ್ಲ. ಕೈಹಿಡಿದು ಕರೆದುಕೊಂಡು ಹೋಗುತ್ತೇನೆಂದರೂ ಒಪ್ಪಲಿಲ್ಲ. ನಾನು ಮನೆಗೆ ಬಂದಾಗ "ಇವತ್ತ ಎಷ್ಟ ಮೊಳ ಆತು?" ಎಂದು ಕೇಳುತ್ತಿದ್ದರು, ಅಷ್ಟೇ. ಅದಾದ ಎರಡನೆಯ ಬೇಸಿಗೆಯಲ್ಲಿ ತೀರಿಕೊಂಡರು. ಅಂದು ಎಲ್ಲ ಮಗ್ಗಗಳು ನಿಂತವು. ಆ ಶಿಷ್ಯ ಅಂಗಳದಲ್ಲಿ ಕುಕ್ಕರಿಸಿ, "ನಾ ಅವತ್ತ ಏಳಬಾರದಿತ್ತಕ್ಕಾ," ಎಂದು ಅತ್ತ. ನಾನು ಒಳಗಿನಿಂದ ನೀರು ತಂದು ಅವನ ಮುಂದಿಟ್ಟೆ.

ಸವದತ್ತಿಯಿಂದ ಮತ್ತೆ ಸೀರೆ ವಾಪಸು ಬರಲಿಲ್ಲ. ಗೋದಾಮು ಮುಂದೆಯೂ ಬಹಳ ವರ್ಷ ನಡೆಯಿತು. ಗಂಡ ನನ್ನೊಡನೆ ಎಂದಿನಂತೆ ಬಾಳಿದ, ಆದರೆ ಅಂದು ಯಾಕೆ ಕೈ ಎತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ನನಗೂ ತಿಳಿಯದು.