ಮಣೂಕದ ಕೋಣೆಯ ವಿಮಾನ

ಆಕಾಶಕ್ಕೆ ಏರಬೇಕೆಂಬ ಹಂಬಲ ಮನುಷ್ಯನಿಗೆ ಅನಾದಿ ಕಾಲದಿಂದ ಇದೆ. ಆ ಹಂಬಲವೇ ಅವನನ್ನು ದನಕರುಗಳಿಂದ ಬೇರೆ ಮಾಡಿದೆ. ನಮ್ಮ ಮನೆಯ ಮಟ್ಟಿಗೆ ಅದು ಮಾಡಿದ್ದಿಷ್ಟೇ: ಮಣೂಕ ತುಂಬುವ ಕೋಣೆಯನ್ನು ಸುಗ್ಗಿಯಿಂದ ಸುಗ್ಗಿಗೆ ಹಿಡಿದುಕೊಂಡು ಕೂತಿತು.

ಐನಾಪುರದ ಹತ್ತಿರ ನಮ್ಮ ದ್ರಾಕ್ಷಿ ತೋಟ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿಗೆ ಅಂಟಿಕೊಂಡು ಒಂದು ಗಟ್ಟಿ ಕೋಣೆ ಇದೆ. ಒಣಗಿದ್ದನ್ನು ಆರಿಸಿ ಬಾಕ್ಸಿಗೆ ತುಂಬಿ ಒಟ್ಟುವುದು ಅಲ್ಲಿ. ಆ ಕೋಣೆಯಲ್ಲಿ ನಾನು ದೊಡ್ಡ ಪ್ರಯಾಣಿಕ ವಿಮಾನದ ಕಾಕ್‌ಪಿಟ್ ಕಟ್ಟತೊಡಗಿದೆ. ಅದು ಹಾರುವಂಥದ್ದಲ್ಲ. ಪೈಲಟ್ ಕೂಡುವ ಜಾಗ, ಸ್ಟೇರಿಂಗು, ಸ್ವಿಚ್ಚುಗಳು ಮಾತ್ರ ಅಸಲಿನಂತೆ. ಎದುರಿನ ಸುಣ್ಣದ ಗೋಡೆಯ ಮೇಲೆ ಕಂಪ್ಯೂಟರು ಮೋಡ, ನೆಲ, ರನ್‌ವೇ ಎಲ್ಲ ತೋರಿಸುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಗೋಡೆಯ ಮೇಲಿನ ಲೋಕ ವಾಲುತ್ತದೆ. ಕೂತವನು ನೆಲ ಬಿಟ್ಟು ಒಂದು ಗೇಣೂ ಏಳುವುದಿಲ್ಲ. ಹೀಗಾಗಿ ಇದು ಸುರಕ್ಷಿತವಾದ ವಿಮಾನ.

ಇದರ ಬೀಜ ಬಿದ್ದದ್ದು ನಾನು ಜೀವನದಲ್ಲಿ ಒಮ್ಮೆ ನಿಜವಾದ ವಿಮಾನ ಹತ್ತಿದಾಗ. ಬಾಗಿಲ ಬಳಿ ಎಡಕ್ಕೆ ಇಣುಕಿದೆ, ಕಾಕ್‌ಪಿಟ್ ತೆರೆದಿತ್ತು. ಹಿಂದಿನವರು ನನ್ನ ಬೆನ್ನಿಗೆ ಚೀಲ ತಿವಿಯುವವರೆಗೆ ಅಲ್ಲೇ ನಿಂತಿದ್ದೆ. ಉಳಿದ ಪ್ರಯಾಣದಲ್ಲಿ ಏನಾಯಿತೋ ನೆನಪಿಲ್ಲ.

ಸ್ವಿಚ್ಚುಗಳನ್ನು ನಿಪ್ಪಾಣಿಯ ಒಂದು ಅಂಗಡಿಯಲ್ಲಿ ತಂದೆ. ಪೈಲಟ್‌ನ ತಲೆಯ ಮೇಲೆಯೇ ಒಂದು ಹಲಗೆ ತುಂಬ ಸ್ವಿಚ್ಚು ಬೇಕು. ಅಂಗಡಿಯವನು ಎಣಿಸಿ ಎಣಿಸಿ ಬೇಸತ್ತು, ಮನೆಗೆ ಎಷ್ಟು ಕೋಣೆ ಎಂದು ಮರಾಠಿಯಲ್ಲಿ ಕೇಳಿದ: “ಕಾಕಾ, ಕಿತಿ ಖೋಲ್ಯಾ?”

“ಏಕಚ್,” ಎಂದೆ. ಒಂದೇ. ಅವನು ಮತ್ತೆ ಮೊದಲಿನಿಂದ ಎಣಿಸತೊಡಗಿದ.

ಕಬ್ಬಿಣದ ಕೆಲಸವೆಲ್ಲ ನಮ್ಮೂರ ಕಡೆ ಕಬ್ಬಿನ ಟ್ರ್ಯಾಲಿ ಮಾಡುವ ವೆಲ್ಡಿಂಗ್ ಅಂಗಡಿಯವನದು. ಅವನು ವಿಮಾನದ ಮೂತಿಗೂ ಟ್ರ್ಯಾಲಿಯ ಆ್ಯಂಗಲ್ಲನ್ನೇ ಹಾಕಿದ. “ಮ್ಯಾಲ ಹತ್ತು ಟನ್ ಕಬ್ಬ ಹೇರ್ರಿ ಸಾವ್ಕಾರ, ಬಾಗಿದ್ರ ನನ್ನ ಕೇಳ್ರಿ,” ಎಂದು ಭರವಸೆ ಕೊಟ್ಟ. ನಾನು ಕೇಳಬೇಕಾದದ್ದು ಬೇರೆಯೇ ಇತ್ತು. ಎಂಜಿನ್ ವೇಗ ಏರಿಸುವ ಇಳಿಸುವ ಥ್ರಾಟಲ್ ಲಿವರ್‌ಗೆ ಅವನು ಟ್ರ್ಯಾಕ್ಟರಿನ ಹ್ಯಾಂಡ್ ಎಕ್ಸಲೇಟರ್‌ನ ಹಾಗೆ ಬಣ್ಣದಲ್ಲಿ ಗುರುತು ಬರೆದಿದ್ದ: ಕೂತವನ ಕಡೆ ವೇಗಕ್ಕೆ ಮೊಲ, ಮುಂದಿನ ತುದಿಗೆ ನಿಧಾನಕ್ಕೆ ಆಮೆ. ನಮ್ಮ ಟ್ರ್ಯಾಕ್ಟರಿನಲ್ಲಿ ಲಿವರ್ ಹಿಂದಕ್ಕೆ ಎಳೆದರೆ ರೇಸ್ ಏರುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ವಿಮಾನದಲ್ಲಿ ಸರಿಯಾಗಿ ಉಲ್ಟಾ.

ಮೊದಮೊದಲು ನಾನೂ ಮೊಲ-ಆಮೆಯನ್ನೇ ನಂಬಿ ನಡೆಸಿದೆ. ಕಂಪ್ಯೂಟರಿಗೆ ಹೇಳಿದರೆ ಅದು ಯಾವ ದಿಕ್ಕನ್ನಾದರೂ ಒಪ್ಪಿಕೊಳ್ಳುತ್ತದೆ. ಕೈಗೂ ಅದೇ ರೂಢಿ. ಆದರೆ ಆಮೆಯ ಚಿತ್ರವಿರುವ ಕಾಕ್‌ಪಿಟ್ಟನ್ನು ಜಗತ್ತು ಏನೆಂದೀತು?

ಜಗತ್ತಿಗಿಂತ ಮೊದಲು ಅಂದದ್ದು ಅಣ್ಣ. ನಮ್ಮದು ಕೂಡಿದ ಮನೆ. ಬಾವಿ, ತೋಟ, ಶೆಡ್ಡು ಎಲ್ಲದರ ಮೇಲೂ ಅವನ ಮಾತೇ ಕಡೆಯದು. ಕೋಣೆಯಲ್ಲಿ ವಿಮಾನವಿದ್ದ ಕಾರಣ ಹೋದ ಸುಗ್ಗಿಯ ಬಾಕ್ಸುಗಳನ್ನು ಪಡಸಾಲೆಯಲ್ಲಿ ಒಟ್ಟಿದ್ದೆವು. ಮನೆಗೆ ಬಂದ ಬೀಗರು ಬಾಕ್ಸುಗಳ ಮೇಲೆ ಕೂತು ಚಹಾ ಕುಡಿದು ಹೋಗಿದ್ದರು. ಅಣ್ಣ ಅದನ್ನು ಮರೆತಿರಲಿಲ್ಲ.

“ಲೇ ತಮ್ಮಾ, ಈ ಸಲ ದ್ರಾಕ್ಷಿ ಕಡಿಯೂದ್ರೊಳಗ ನಿನ್ನ ಇಮಾನ ಬೆಳಗಾಂವದಾಗ ನೆಟ್ಟಗ ಇಳೀಬೇಕು. ನನ್ನ ಕಣ್ಣ ಮುಂದ. ಬಿತ್ತಂದ್ರ ಮರುದಿನ ಗುಜರಿಯವನ್ನ ಕರೀತೀನಿ.”

“ಬೀಳೂದಿಲ್ಲಣ್ಣಾ.”

“ಬಿದ್ರೂ ಯಾರೂ ಸಾಯೂದಿಲ್ಲ ಬಿಡು. ಗುಜರಿಯವಗ ತೂಕಕ್ಕಂತೂ ಬರ್ತೈತಿ, ಆ ಪರಿ ಕಬ್ಬಣ ಬಡಿದೀದಿ.”

ಪರೀಕ್ಷೆಯ ಹಿಂದಿನ ದಿನ ನಾನು ಶಾಸ್ತ್ರಶುದ್ಧನಾದೆ. ಮೊಲದ ಮೇಲೂ ಆಮೆಯ ಮೇಲೂ ಕರಿ ಟೇಪು ಅಂಟಿಸಿ, ಕಂಪ್ಯೂಟರಿನಲ್ಲಿ ದಿಕ್ಕು ಬದಲಿಸಿ, ಲಿವರ್ ಅನ್ನು ಅಸಲಿ ವಿಮಾನದಂತೆ ಮಾಡಿದೆ. ತಳ್ಳಿದರೆ ವೇಗ, ಎಳೆದರೆ ನಿಧಾನ. ಅಭ್ಯಾಸಕ್ಕೆ ನಾಲ್ಕಾರು ಸಲ ಇಳಿಸಿಯೂ ನೋಡಿದೆ. ಹೂವು ಇಟ್ಟ ಹಾಗೆ ಇಳಿಯಿತು.

ಆದರೆ ನಮ್ಮ ಮನೆಯ ಒಂದು ಪದ್ಧತಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊಸ ಗಾಡಿ ಯಾವುದೇ ಬರಲಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಮೊದಲು ಹಿರಿಯನೇ ನಡೆಸಬೇಕು. ವೈನಿ, ಅಂದರೆ ಅಣ್ಣನ ಹೆಂಡತಿ, ಪೂಜೆಯ ತಟ್ಟೆ ಹಿಡಿದು ಬಂದು ಕಾಕ್‌ಪಿಟ್ಟಿನ ಸುತ್ತ ಒಂದು ಸುತ್ತು ಹಾಕಿದರು.

“ಭಾವೂಜಿ, ಗಾಲಿ ಎಲ್ಲಿ ಅದಾವ್ರಿ?”

“ಕಂಪ್ಯೂಟರಿನೊಳಗ ಅದಾವ್ರಿ ವೈನಿ.”

ವೈನಿ ಕಂಪ್ಯೂಟರಿನ ಡಬ್ಬಿಯ ಮುಂದೆ ಎರಡು ನಿಂಬೆಹಣ್ಣು ಇಟ್ಟು ಅರಿಷಿಣ-ಕುಂಕುಮ ಏರಿಸಿದರು. ಅಷ್ಟರಲ್ಲಿ ಅಣ್ಣ ಎಡಗಡೆಯ ಕ್ಯಾಪ್ಟನ್ ಸೀಟಿನಲ್ಲಿ ಕೂತು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ನಡೆಸುವವನು ನಾನು, ನೋಡುವವನು ಅವನು ಎಂಬ ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ನನ್ನ ಹೆಂಡತಿ ಹಿಂದಿನಿಂದ, “ನೀವು ಬಾಜೂಕ ಕುಂದರ್ರಿ, ಕಂಡಕ್ಟರ್ ಇದ್ದಂಗ,” ಎಂದಳು.

ಬೆಳಗಾವಿಯ ರನ್‌ವೇ ದೂರದಲ್ಲಿ ಕಾಣುವಂತೆ ವಿಮಾನವನ್ನು ಆಕಾಶದಲ್ಲೇ ಶುರು ಮಾಡಿಕೊಟ್ಟೆ. ಚಕ್ರ ಇಳಿಸಿದ್ದೆ, ವೇಗ ಹೊಂದಿಸಿದ್ದೆ. ಅಣ್ಣ ಸ್ಟೇರಿಂಗನ್ನು ಹಿಡಿದದ್ದು ಚೆನ್ನಾಗಿಯೇ ಇತ್ತು. ಸಾಲು ಹೊಡೆದು ರೂಢಿಯಿದ್ದವನು. ನೇರ ಗೆರೆ ಬಿಡಲಿಲ್ಲ. ಆದರೆ ರನ್‌ವೇ ಗೋಡೆಯಷ್ಟು ಅಗಲವಾಗಿ ಮೈಮೇಲೆ ಬರತೊಡಗಿದಾಗ, “ಭಾಳ ಜೋರ್ ಐತಲೇ!” ಎಂದವನೇ ಥ್ರಾಟಲ್ಲಿಗೆ ಕೈ ಹಾಕಿದ. ನಿಧಾನ ಮಾಡಲೆಂದು, ಟ್ರ್ಯಾಕ್ಟರಿನ ರೂಢಿಯಂತೆ, ಮುಂದಕ್ಕೆ ತಳ್ಳಿದ.

ಎಂಜಿನ್ ಎರಡೂ ಒದರಿದವು. ಮೂತಿ ಮೇಲೆದ್ದಿತು. ರನ್‌ವೇ ನಮ್ಮ ಕಾಲಡಿ ಹಾದು ಹೋಗಿ, ಗೋಡೆಯ ತುಂಬ ಬರೀ ಆಕಾಶ.

“ಬಿತ್ತೇನಲೇ?”

“ಇಲ್ಲಣ್ಣಾ, ಏರ್ತು. ಇಳೀಲಾರದ ಮತ್ತ ಸುತ್ತ ಹಾಕೂದಕ್ಕ ಗೋ-ಅರೌಂಡ್ ಅಂತಾರ. ದೊಡ್ಡ ದೊಡ್ಡ ಪೈಲಟ್ರೂ ಮಾಡ್ತಾರ.” ಇದು ಸುಳ್ಳಲ್ಲ. ಅವರು ತಿಳಿದು ಮಾಡುತ್ತಾರೆ ಎಂಬುದನ್ನು ಸೇರಿಸಲಿಲ್ಲ, ಅಷ್ಟೇ.

ನನ್ನ ಕಡೆಯ ಸ್ಟೇರಿಂಗಿನಿಂದ ಒಂದು ಸುತ್ತು ಹಾಕಿಸಿ, ಮತ್ತೆ ರನ್‌ವೇ ಎದುರಿಗೆ ತಂದು, ಗುಂಡಿ ಒತ್ತಿ ವಿಮಾನವನ್ನು ಅಂತರಿಕ್ಷದಲ್ಲೇ ನಿಲ್ಲಿಸಿದೆ. ಈ ಸೌಕರ್ಯ ದೊಡ್ಡ ಕಂಪನಿಗಳ ಪೈಲಟರಿಗೂ ಇಲ್ಲ.

“ಯಾಕ ನಿಂತೈತಿ?”

“ಮುಂದ ಇನ್ನೊಂದು ಇಮಾನ ಐತಣ್ಣಾ. ಹಾದಿ ಬಿಡಬೇಕು.”

“ಉಗಾರ ಸಕ್ರಿ ಕಾರ್ಖಾನಿ ಮುಂದ ಕಬ್ಬಿನ ಗಾಡಿ ನಿಂತಂಗ?”

“ಹೂಂ, ಹಂಗ.”

ಅದು ಅವನಿಗೆ ಪೂರ್ತಿ ಸಮಾಧಾನ ಕೊಟ್ಟಿತು. ಗಾಡಿಯ ಸರದಿಯಲ್ಲಿ ದಿನಗಟ್ಟಲೆ ಕಾದವನು. ತಂಬಾಕಿನ ಚಂಚಿ ಬಿಚ್ಚಿ ಕೂತ. ಆ ಹೊತ್ತಿನಲ್ಲಿ ನಾನು ಕೀಬೋರ್ಡ್ ತೊಡೆಯ ಮೇಲೆ ಎಳೆದುಕೊಂಡು ಲಿವರಿನ ದಿಕ್ಕನ್ನು ಮೊದಲಿದ್ದ ಹಾಗೆ ಮಾಡಿದೆ. ಆಮೇಲೆ ಮರ್ಯಾದೆಯನ್ನು ಬದಿಗಿಟ್ಟು ಕರಿ ಟೇಪು ಎರಡನ್ನೂ ಕಿತ್ತೆ.

ಅಣ್ಣ ಬಗ್ಗಿ ನೋಡಿದ. “ಮೊಲ ಐತಲ್ಲೋ! ಇದನ್ಯಾಕ ಮುಚ್ಚಿದ್ದಿ?”

“ಧೂಳ ಕೂರಬಾರದಂತ.”

ವಿಮಾನ ಮತ್ತೆ ಚಲಿಸಿತು. ರನ್‌ವೇ ಬಂತು, ಅಗಲವಾಯಿತು. ಹಿಂದೆ ನಿಂತ ಹೆಂಗಸರಿಬ್ಬರೂ ಸೀಟಿನ ಬೆನ್ನು ಹಿಡಿದರು. ಅಣ್ಣ ನಾನು ಹೇಳುವ ಮೊದಲೇ ಲಿವರನ್ನು ಆಮೆಯ ಕಡೆ ತಳ್ಳುತ್ತ ಹೋದ. ಎಂಜಿನ್ ಸದ್ದು ತಗ್ಗುತ್ತ ಬಂತು. “ಈಗ ಮೂತಿ ಚೂರ ಎತ್ತು,” ಎಂದೆ. ಎತ್ತಿದ. ಸ್ಪೀಕರಿನಲ್ಲಿ ದಡಕ್ ಎಂದಿತು. ಗೋಡೆಯ ಮೇಲೆ ನೆಲ ನೆಲದ ಜಾಗದಲ್ಲೇ ಇತ್ತು.

“ಬ್ರೇಕ್ ಹಾಕಣ್ಣಾ, ಕಾಲಾಗ ಎರಡು ಅದಾವ. ಕೂಡೇ ಒತ್ತು!”

“ಟ್ರ್ಯಾಕ್ಟರಿಗೂ ಎರಡಽ ಇರ್ತಾವ, ನನಗೇನ್ ಹೇಳ್ತಿ,” ಎಂದು ಎರಡನ್ನೂ ಸಮನಾಗಿ ಒತ್ತಿದ. ವಿಮಾನ ಬೆಳಗಾವಿಯ ರನ್‌ವೇ ಮೇಲೆ, ನಟ್ಟನಡುವಿನ ಬಿಳಿ ಗೆರೆಯ ಮೇಲೆ, ಎಳೆದು ನಿಲ್ಲಿಸಿದ ಎತ್ತಿನ ಹಾಗೆ ನಿಂತಿತು.

ನಾನು ಚಪ್ಪಾಳೆ ತಟ್ಟಿದೆ. ಹೆಂಡತಿಯೂ ತಟ್ಟಿದಳು. ವೈನಿ ನಿಂಬೆಹಣ್ಣು ನೋಡಿ, “ಒಡದೇ ಇಲ್ಲಲ್ರಿ,” ಎಂದರು.

ಅಣ್ಣ ಇಳಿಯಲಿಲ್ಲ. ತಲೆಯ ಮೇಲಿನ ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡಿದ. ಕೊನೆಗೆ, “ಇದೇನ್ ಭಾರಿ ವಿದ್ಯಾ ಅಂತ ಕುಣದಿ ಅಷ್ಟ. ಟ್ರ್ಯಾಕ್ಟರ್ ಬರೋರಿಗೆ ಬರ್ತೈತಿ,” ಎಂದು ತೀರ್ಪು ಕೊಟ್ಟ. ಆಮೇಲೆ ತುಸು ತಗ್ಗಿದ ದನಿಯಲ್ಲಿ, “ಕೊಲ್ಲಾಪುರದಾಗೂ ಇಳೀತೈತೇನಲೇ ಇದು?” ಎಂದ.

“ಇಳೀತೈತಣ್ಣಾ.”

“ಮತ್ತ ಬಾಕ್ಸ್ ಎಲ್ಲಿ ಇಡೂದ್ರಿ?” ವೈನಿ ಕೇಳಿದರು.

“ಪಡಸಾಲ್ಯಾಗ ಇಡ್ರಿ,” ಎಂದ ಅಣ್ಣ.

“ಬೀಗರು ಬಂದ್ರ?”

“ಬೀಗರ್ನ ಇಲ್ಲಿ ಕುಂಡ್ರಸೂಣು.”

ಈ ಸುಗ್ಗಿಯ ಮಣೂಕದ ಬಾಕ್ಸುಗಳು ಪಡಸಾಲೆಯಲ್ಲಿವೆ. ಕಾಕ್‌ಪಿಟ್ ಕೋಣೆಯಲ್ಲಿದೆ. ಥ್ರಾಟಲಿನ ಮುಂದಿನ ತುದಿಗೆ ಆಮೆ ಇದೆ, ಹಿಂದಿನ ತುದಿಗೆ ಮೊಲ ಇದೆ.